ಹಿತ್ತಲ ಗೋಡೆಯ ಗೀಟುಗಳು

ನರ್ಸಮ್ಮನ ಕೈಗಡಿಯಾರದ ಮುಖ ಮಣಿಕಟ್ಟಿನ ಒಳಮಗ್ಗುಲಿಗೆ ಇರುತ್ತಿತ್ತು. ವೇಳೆ ನೋಡಬೇಕಾದರೆ ಏನೋ ಬೇಡುವವರ ಹಾಗೆ ಅಂಗೈ ಮೇಲೆ ಮಾಡುತ್ತಿದ್ದರು. ಎಲ್ಲರೂ ತೋರಿಸಿ ಕಟ್ಟುವ ವಸ್ತುವನ್ನು ಇವರೇಕೆ ಬಚ್ಚಿಡುತ್ತಾರೆ ಎಂದು ಮೊದಲ ದಿನವೇ ನನಗೆ ಅನುಮಾನ ಬಂತು. ನಾನು ಹುಟ್ಟಾ ಅನುಮಾನದವಳು. ಹಾಲು ಬೆಳ್ಳಗಿದ್ದರೂ ಒಮ್ಮೆ ಮೂಸಿ ನೋಡುವವಳು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನಾನು ಮಾನ್ವಿಯ ವೈಷ್ಣವರ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿದ್ದರೂ ಮಡಿಲು ತುಂಬಿರಲಿಲ್ಲ. ಗಂಡ ದೇವದುರ್ಗದಲ್ಲಿ ಸಾಲೆಯ ಮಾಸ್ತರರು. ಅಲ್ಲಿ ಅವರಿಗೆ ಒಂದೇ ಖೋಲಿ, ಹೀಗಾಗಿ ನಾನು ಅತ್ತೆಯ ಹತ್ತಿರ. ನಾನು ಮುಟ್ಟಾಗಿ ಹೊರಗೆ ಕೂತ ದಿನವೇ ಅತ್ತೆ ಪಕ್ಕದ ಮನೆಯವರಿಂದ ಮಗನಿಗೆ ಕಾರ್ಡು ಬರೆಸುತ್ತಿದ್ದರು: 'ಮನೆಯಲ್ಲಿ ಕೆಲಸವಿದೆ, ಬಾ.' ನಾಲ್ಕನೆಯ ದಿನ ನಾನು ಸ್ನಾನ ಮಾಡಿ ಒಳಗೆ ಬರುವ ಹೊತ್ತಿಗೆ ಅವರೂ ಬರುತ್ತಿದ್ದರು. ಮೂರು ದಿನ ಇದ್ದು ಹೋದರೆ ಮುಂದಿನ ಕಾರ್ಡಿನ ತನಕ ಅವರ ಮುಖ ಕಾಣುತ್ತಿರಲಿಲ್ಲ. ಮಕ್ಕಳಾಗುವ ಹೊತ್ತು ಅದೇ ಎಂದು ಅತ್ತೆಯ ಗಟ್ಟಿ ನಂಬಿಕೆ. ಆ ವರ್ಷ ದಸರೆಯಲ್ಲಿ ಅವರು ಹೇಳಿಯೇಬಿಟ್ಟರು: "ಯುಗಾದಿ ತನಕ ನೋಡ್ತೀನಿ. ಆಮ್ಯಾಲೆ ಅವಗ ಇನ್ನೊಂದು ಲಗ್ನ. ರಾಯಚೂರಾಗ ಹುಡುಗಿ ನೋಡಿಟ್ಟೀನಿ."

ನರ್ಸಮ್ಮ ಸರಕಾರಿ ದವಾಖಾನೆಯವರು, ಕ್ರೈಸ್ತರು. ಬಾಣಂತಿಯರನ್ನು ನೋಡಲು ನಮ್ಮ ಓಣಿಗೆ ಬಂದಾಗ ಬಿಸಿಲಿಗೆ ಬಳಲಿ ನೀರು ಕೇಳುತ್ತಿದ್ದರು. ಮನೆಯೊಳಗೆ ಅವರು ಬರುವಂತಿರಲಿಲ್ಲ. ಮುಟ್ಟಾದಾಗ ನಾನು ಕೂಡುವ ಹಿತ್ತಲ ಪಡಸಾಲೆಯೇ ಅವರಿಗೂ ಜಾಗ. ಅಲ್ಲಿಯ ಗೂಡಿನಲ್ಲಿ ಅವರದೊಂದು ಗಾಜಿನ ಲೋಟ. ಮಡಿಯವರು ಯಾರೂ ಕಾಲಿಡದ ಆ ಮೂಲೆಯಲ್ಲಿ ನಮ್ಮಿಬ್ಬರ ಮಾತು.

"ಎಷ್ಟು ದಿವಸಕ್ಕೊಮ್ಮಿ ಹೊರಗ ಕೂಡ್ತೀಯವ್ವಾ?" ಎಂದು ಒಂದು ದಿನ ಕೇಳಿದರು.

ಯಾರಾದರೂ ಮಾಟ ಮಾಡಿಸಿಯಾರೆಂದು ಮುಟ್ಟಿನ ಬಟ್ಟೆಯನ್ನೂ ಬಚ್ಚಿಟ್ಟು ಒಣಗಿಸುವವರು ನಾವು. ಇವರು ದಿನವನ್ನೇ ಕೇಳುತ್ತಿದ್ದಾರೆ! ಅತ್ತೆಯೇ ಕಳಿಸಿರಬೇಕು, ಇವಳು ಬಂಜೆ ಎಂದು ಇವರಿಂದ ಹೇಳಿಸಿದರೆ ಆ ಹುಡುಗಿಗೆ ದಾರಿ ಸಲೀಸು ಎಂದುಕೊಂಡೆ. "ನೆಪ್ಪಿಲ್ರಿ" ಎಂದೆ.

"ನೆಪ್ಪಿಲ್ಲಂದ್ರ ಬರದಿಡು. ಈ ಗೋಡಿ ಯಾರೂ ಮುಟ್ಟಂಗಿಲ್ಲಲ್ಲ. ಹೊರಗ ಕೂತ ದಿನದಿಂದ ದಿನಾ ಇದ್ದಿಲಿಲೆ ಒಂದೊಂದು ಗೀಟು ಹಾಕು. ಮತ್ತ ಹೊರಗ ಕೂತಾಗ ಹೊಸಾ ಸಾಲು."

ಇದರಲ್ಲಿ ಆಕೆಗೇನು ಲಾಭ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಲಾಭ ಕಾಣದ್ದರಿಂದ ಅನುಮಾನ ಇನ್ನೂ ಬಲಿಯಿತು. ಆದರೂ ದಿನಾ ಸ್ನಾನಕ್ಕೆ ಮುಂಚೆ ಹೋಗಿ ಗೀಟು ಹಾಕಿದೆ. ಎರಡನೆಯ ತಿಂಗಳು ಅತ್ತೆಯ ಕಣ್ಣಿಗೆ ಬಿತ್ತು.

"ಏನವಾ ಇದು? ಯಾರ್ ಮಾಟ ಮಾಡ್ಯಾರ?"

"ಎಮ್ಮಿ ಬೆದಿಗೆ ಬರೋ ಲೆಕ್ಕಾರೀ, ಅತ್ಯಾ" ಎಂದೆ, ಬಾಯಿಗೆ ಬಂದದ್ದು.

ಅವರು ಅರ್ಧ ನಂಬಿದರು. ಒರೆಸೋಣವೆಂದರೆ ಆ ಗೋಡೆ ಮುಟ್ಟಿ ಮತ್ತೆ ಸ್ನಾನ ಮಾಡಬೇಕು. ಗೀಟುಗಳು ಉಳಿದವು.

ಇದನ್ನು ಕೇಳಿ ನರ್ಸಮ್ಮ ನಕ್ಕ ನಗುವಿಗೆ ಲೋಟದ ನೀರು ಸೀರೆಯ ಮೇಲೆ ಚೆಲ್ಲಿತು. "ಎಮ್ಮಿಗೆ ಬೆದಿ ನೋಡಿ ಕೋಣದ ಹತ್ರ ಹೊಡ್ಕೊಂಡು ಹೋಗ್ತಾರ. ಸೊಸಿಗೆ ಮಾತ್ರ ಸ್ನಾನದ ದಿನಾನೇ ಮುಹೂರ್ತ!" ಎಂದರು. ಮೂರು ಸಾಲು ತುಂಬಿದ ಮೇಲೆ ಬೆರಳಿಟ್ಟು ಎಣಿಸಿದರು: ಮೂವತ್ತೆರಡು, ಮೂವತ್ತೊಂದು, ಮತ್ತೆ ಮೂವತ್ತೆರಡು.

"ಹೆಣ್ಣಿನ ಹೊಟ್ಟ್ಯಾಗ ತತ್ತಿ ಬಿಡೂದು ಮುಂದಿನ ಮುಟ್ಟಿಗೆ ಸುಮಾರು ಹದಿನಾಕು ದಿವಸ ಮುಂಚೆ. ನಿನಗಂದ್ರ ಹದಿನೆಂಟನೇ ಗೀಟಿನ ಆಜೂಬಾಜೂ. ಆ ತತ್ತಿ ಒಂದು ದಿವಸಕ್ಕಿಂತ ಹೆಚ್ಚಿಗಿ ಬಾಳಂಗಿಲ್ಲ. ಅದಕ್ಕ ಮುಂಚಿನ ನಾಕೈದು ದಿವಸ ಗಂಡ ಮನ್ಯಾಗ ಇರಬೇಕು. ನಿಮ್ಮ ಮಾಸ್ತರು ಏಳನೇ ಗೀಟಿಗೇ ಮೋಟಾರು ಹತ್ತತಾರ! ಆದ್ರ ಆಗೇ ಆಗ್ತದಂತ ನಾ ಮಾತು ಕೊಡಂಗಿಲ್ಲ. ಇದು ಅಂದಾಜು. ಕೊರತಿ ಗಂಡಸಿನದೂ ಇರ್ತದ."

ನಾಚಿಕೆಗಿಂತ ಸಿಟ್ಟು ಬಂತು. ನಾಲ್ಕು ವರ್ಷ ಸುಮ್ಮಸುಮ್ಮನೆ ದೇವರನ್ನು ಬೈದಿದ್ದೆ. ಆದರೂ ನನ್ನ ಗುಣ ಬಿಡಲಿಲ್ಲ. "ಇದೆಲ್ಲಾ ನನಗ್ಯಾಕ ಹೇಳ್ತೀರಿ? ನಿಮಗೇನ್ ಬರ್ತದ ಇದರಾಗ?"

ಅವರು ಅಂಗೈ ತಿರುವಿ ವೇಳೆ ನೋಡಿದರು. "ನೀರು ಕುಡಿಯಾಕ ಬರ್ತೀನವ್ವಾ. ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂಡಾಕ ಬರಂಗಿಲ್ಲ ನನಗ."

ಆ ಸಲ ನಾನೇ ಗಂಡನಿಗೆ ಕಾರ್ಡು ಬರೆದೆ: 'ಅವ್ವನ ಕಾರ್ಡಿಗೆ ಬರಬೇಡಿ. ಹತ್ತು ದಿನ ತಡೆದು, ಐದು ದಿನದ ರಜೆ ಹಾಕಿ ಬನ್ನಿ.' ಡಬ್ಬಿಗೆ ಹಾಕಲು ನರ್ಸಮ್ಮನ ಕೈಗೆ ಕೊಟ್ಟೆ. ಮುಂಬಾಗಿಲಿಗೆ ಹೋಗಿ ಅತ್ತೆಗೆ ತೋರಿಸುತ್ತಾರೇನೋ ಎಂದು ಅವರು ಓಣಿ ದಾಟುವ ತನಕ ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದೆ.

ಗಂಡ ಹೇಳಿದ ದಿನ ಬಂದರು. "ಕರದಾಗ ಬರ್ಲಿಲ್ಲ, ಈಗ್ಯಾಕ ಬಂದಿ?" ಎಂದು ಅತ್ತೆ ನಮ್ಮಿಬ್ಬರ ಮುಖ ನೋಡಿದರು. "ಆಗ ರಜಾ ಸಿಗಲಿಲ್ಲವ್ವಾ" ಎಂದರು ಇವರು. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳೂ ಅದೇ ಲೆಕ್ಕಕ್ಕೆ ಬಂದುಹೋದರು. ಆ ಸಲ ಗೀಟು ಮೂವತ್ತೆರಡು ದಾಟಿತು, ನಲವತ್ತೂ ದಾಟಿತು. ಯುಗಾದಿಯ ದಿನ ಬೇವಿನ ವಾಸನೆಗೇ ನನಗೆ ವಾಂತಿ. ರಾಯಚೂರಿನ ಹುಡುಗಿಯ ಮಾತು ಅಲ್ಲಿಗೆ ನಿಂತಿತು. ತಾನು ಹೊತ್ತ ಹರಕೆಯ ಫಲ ಎಂದರು ಅತ್ತೆ.

ಹೆರಿಗೆ ಕಷ್ಟವಾದಾಗ ಅತ್ತೆಯೇ ನರ್ಸಮ್ಮನನ್ನು ಕರೆಸಿದರು. ನನ್ನ ನಾಡಿ ಹಿಡಿದ ಆ ಕೈಯಲ್ಲೇ ಗಡಿಯಾರದ ಮುಖ ಕಂಡಿತು. ಒಳಮಗ್ಗುಲಿಗೆ ಕಟ್ಟುತ್ತಿದ್ದುದು ನಾಡಿ ಎಣಿಸುತ್ತಲೇ ವೇಳೆ ನೋಡಲಿಕ್ಕೆ! ಮಗಳು ಹುಟ್ಟಿದಳು. ಆಮೇಲೂ ಅವರು ನೀರಿಗೆ ಬಂದರು, ಅದೇ ಹಿತ್ತಲು, ಅದೇ ಲೋಟ. ಒಳಗೆ ಬರ್ರಿ ಎಂದು ನಾನು ಒಮ್ಮೆಯೂ ಕರೆಯಲಿಲ್ಲ. ಕರೆಯಬೇಕೆಂದು ಅನ್ನಿಸಲೂ ಇಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಮುಂದೆ ಅವರಿಗೆ ರಾಯಚೂರಿಗೆ ಬದಲಿಯಾಯಿತು. ಅಲ್ಲಿ ವಿಷಮಜ್ವರದಿಂದ ತೀರಿಕೊಂಡರೆಂದು ದವಾಖಾನೆಯ ಜವಾನ ಹೇಳಿಹೋದ. ನಾನು ಸೀದಾ ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡೆ. ಬಂಧುಗಳು ಹೋದ ಸುದ್ದಿ ಬಂದಾಗ ನಮ್ಮಲ್ಲಿ ಮಾಡುವ ಸ್ನಾನ ಅದು. ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಯಾಕ್ ನೀರು ಹಾಕ್ಕೊಂಡಿ? ಆಕಿ ನಮ್ಮಾಕೇನು?"

"ಹೌದ್ರಿ, ನಮ್ಮವರೇ" ಎಂದೆ.

ಅವರು ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಬಹಳ ಹೊತ್ತು ನೋಡಿದರು. ನಾನು ಸೀರೆ ಬದಲಿಸುವಾಗ ಬಚ್ಚಲಲ್ಲಿ ಮತ್ತೆ ನೀರಿನ ಸಪ್ಪಳ ಕೇಳಿಸಿತು. ಬಾಗಿಲಲ್ಲಿ ನನ್ನ ಒದ್ದೆ ಸೆರಗು ತಾಗಿ ಮೈಲಿಗೆಯಾದದ್ದಕ್ಕೋ, ನರ್ಸಮ್ಮನಿಗಾಗಿಯೋ, ನಾನು ಕೇಳಲಿಲ್ಲ. ನರ್ಸಮ್ಮನಿಗಾಗಿಯೇ ಎಂದು ಅದೊಂದು ಸಲ ನಂಬಿದೆ.