ಹೆಸರು ಗುಪ್ತವಾಗಿಡುತ್ತೇವೆ ಎಂದವರು

ಬಸ್‌ಸ್ಟ್ಯಾಂಡಿನ ಹತ್ತಿರ ಹಾಡಹಗಲೇ ಒಬ್ಬನ ಕೊಲೆಯಾದ ಮೇಲೆ ನಮ್ಮೂರಿನ ಪೊಲೀಸರಿಗೆ ಜನರ ನೆನಪಾಯಿತು. ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ಅಂಗಡಿ ಇಟ್ಟವರೆಲ್ಲ ಬರಲೇಬೇಕೆಂದು ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದರು. ನನ್ನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ; ಓಣಿಗೆಲ್ಲ ನಾನು ಆಪಾ, ಅಂದರೆ ಅಕ್ಕ. ಮಷೀನಿಗೆ ಮುಸುಕು ಹಾಕಿ ನಾನೂ ಹೋದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬ್ಯಾಡಗಿಗೆ ಟೆಂಪೋದಲ್ಲಿ ಕೂಲಿಗೆ ಹೋಗಿ ಸಂಜೆಗೆ ಮರಳುವಷ್ಟು ದೂರದ ಊರು ಎಂದರೆ ಸಾಕು.

ಮುಂದಿನ ಸಾಲಿನಲ್ಲಿ ಎಂದಿನ ಪುಢಾರಿಗಳು ಕೂತಿದ್ದರು. ಅವರಲ್ಲಿ ದೊಡ್ಡವನ ಮೇಲೆ ಹೊಡೆದಾಟದ ಕೇಸು ಕೋರ್ಟಿನಲ್ಲಿ ನಡೆಯುತ್ತಿತ್ತು. ಸಾರ್ವಜನಿಕ ಸುರಕ್ಷತೆಯ ಬಗ್ಗೆ ಮೊದಲು ಮಾತಾಡಿದ್ದು ಅವನೇ. ಆಮೇಲೆ ಸಾಹೇಬರು ಎದ್ದರು. ಬೆಂಗಳೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರ್. ಇಸ್ತ್ರಿ ಮುರಿಯದಂತೆ ನಿಲ್ಲುವುದನ್ನು ಚೆನ್ನಾಗಿ ಕಲಿತಿದ್ದರು.

“ಕೊಲೆ ಆದ್ಮೇಲೆ ಹಿಡಿಯೋದು ದೊಡ್ಡದಲ್ಲ. ಆಗೋಕ್ ಮುಂಚೆ ನಮಗೆ ಮಾಹಿತಿ ಬರಬೇಕು. ನೀವೇ ನಮ್ಮ ಕಣ್ಣು, ನೀವೇ ನಮ್ಮ ಕಿವಿ. ಯಾರು ಹೇಳಿದ್ರು ಅನ್ನೋದು ನನ್ನ ಟೋಪಿಗೂ ಗೊತ್ತಾಗಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲೇ ಒಂದು ವಾಟ್ಸಾಪ್ ಗ್ರೂಪ್ ಮಾಡಿ ನಮ್ಮನ್ನೆಲ್ಲ ಸೇರಿಸಿದರು. ಮರುದಿನದಿಂದ ಅದರಲ್ಲಿ ಗುಲಾಬಿ ಹೂವಿನ ಶುಭೋದಯ, ಸಾಹೇಬರ ಹುಟ್ಟುಹಬ್ಬ, ಸಾಹೇಬರು ಸಸಿ ನೆಟ್ಟ ಫೋಟೊ. ಪೊಲೀಸ್ ಗುಪ್ತಚರ ಎಂದರೆ ಇದೇ ಇರಬೇಕೆಂದುಕೊಂಡು ನಾನು ಗ್ರೂಪಿನ ಸದ್ದು ಬಂದ್ ಮಾಡಿಟ್ಟೆ.

ನನ್ನ ಅಂಗಡಿಯ ಹಿಂದಿನ ಖೋಲಿಯಲ್ಲಿ ಒಬ್ಬ ಹೆಣ್ಣುಮಗಳು ಬಾಡಿಗೆಗಿದ್ದಳು. ಹಗಲು ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಸಂಜೆ ಕೈಯುರಿ ಇಳಿದ ಮೇಲೆ ನನ್ನ ಅಂಗಡಿಗೆ ಬಂದ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಅವನು ಲಾರಿ ಡ್ರೈವರ್. ಬೇಸಿಗೆಯ ಹೊತ್ತಿಗೆ ಕೆಲಸ ಬಿಟ್ಟು ನಮ್ಮೂರಿಗೇ ಬಂದು ತಳವೂರಿದ. ನಮ್ಮ ಎದುರಿನ ಚಹಾದಂಗಡಿಯಲ್ಲಿ ಕೂತು, ಅವಳು ಬರುವ ಟೆಂಪೋ ಯಾವುದು, ಎಲ್ಲಿ ಇಳಿಯುತ್ತಾಳೆ ಎಂದು ಕೇಳತೊಡಗಿದ. ಒಂದು ದಿನ ಎಲ್ಲರ ಮುಂದೆ ಅಂದ: “ಮಚ್ಚು ಮಸದು ಇಟ್ಟೇನಿ. ಅಕಿ ಕೈ ತಗದ ಬಿಡತೇನಿ.” ಮಿರ್ಚಿ ಭಜಿ ತಿನ್ನುತ್ತಿದ್ದವರು ನಕ್ಕರಂತೆ.

ಅವಳು ನಗಲಿಲ್ಲ. “ಆಪಾ, ಅವ ಆಡಿದ್ದು ಮಾಡಾಂವ ಅದಾನ. ಏನ್ ಮಾಡ್ಲಿ?” ಎಂದಳು.

ಆಗುವ ಮೊದಲೇ ತಿಳಿಸಿ ಎಂದು ಸಾಹೇಬರು ಕೇಳಿದ್ದು ಇಂಥದ್ದನ್ನೇ ಅಲ್ಲವೇ? ಅವಳನ್ನು ಕರೆದುಕೊಂಡು ಠಾಣೆಗೆ ಹೋದರೆ ಅವನ ಕಣ್ಣಿಗೆ ಬೀಳುತ್ತದೆಂದು ನಾನೊಬ್ಬಳೇ ಹೋದೆ. ಸಾಹೇಬರು ಯಾವುದೋ ಬಂದೋಬಸ್ತಿಗೆ ಹೋಗಿದ್ದರು. ಹವಾಲ್ದಾರರು ಫೋನಿನಲ್ಲಿ ರೀಲ್ಸ್ ನೋಡುತ್ತಲೇ ನನ್ನ ಮಾತು ಕೇಳಿದರು.

“ಗಂಡ-ಹೆಂಡ್ತಿ ಜಗಳರೀ ಆಪಾ ಅದು. ಇವತ್ತ ಬಡದಾಡತಾರ, ನಾಳೆ ಒಂದಾಕ್ಕಾರ. ನಡುವ ನಾವು ಖರಾಬ್ ಆಗಬೇಕು.”

“ಮಚ್ಚು ಇಟ್ಕೊಂಡಾನ್ರಿ. ಊರ ಮುಂದ ಹೇಳ್ಯಾನ.”

“ಹೇಳಾವ್ರು ಮಾಡಂಗಿಲ್ರಿ. ಆತು, ಕರಸಿ ಬುದ್ಧಿ ಹೇಳತೇವಿ.”

“ನನ್ನ ಹೆಸರು...”

“ಏ, ಅದನ್ನ ಹೇಳಬೇಕ್ರೇನು!”

ಕರೆಸಿದ್ದು ಖರೆ. ಬುದ್ಧಿ ಹೇಳಿದ್ದೂ ಖರೆ ಇರಬಹುದು. ಚಹಾ ಕುಡಿಸಿದರು. ಮಚ್ಚು ಎಲ್ಲಿದೆ ಎಂದು ಒಬ್ಬರೂ ಹುಡುಕಲಿಲ್ಲ. ಠಾಣೆಯಿಂದ ಹೊರಬಿದ್ದವನು ನೆಟ್ಟಗೆ ನನ್ನ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕಾಲಿಟ್ಟು ನಿಂತ.

“ಏನ್ ಆಪಾ, ಸಿಐಡಿ ಆಗಿಯೇನು? ಹವಾಲ್ದಾರ ಎಲ್ಲಾ ಹೇಳಿದ. ಅಕಿದು ಮುಗೀಲಿ, ಆಮ್ಯಾಲ ನಿಂದು.”

ಬ್ಲೌಸ್ ಕತ್ತರಿಸುತ್ತಿದ್ದ ನನ್ನ ಕತ್ತರಿ ಗೆರೆ ಬಿಟ್ಟು ಹೋಯಿತು. ಹೆದರಿಕೆ ಸ್ವಲ್ಪ ಹೊತ್ತಿಗೆ ಇಳಿಯಿತು. ಅದರ ಜಾಗದಲ್ಲಿ ಬಂದು ಕೂತ ಹೇಸಿಗೆ ಮಾತ್ರ ಇನ್ನೂ ಇಳಿದಿಲ್ಲ. ಒಂದು ಹೆಸರನ್ನು ಬಾಯೊಳಗೆ ಇಟ್ಟುಕೊಳ್ಳಲಾಗದ ಮನುಷ್ಯನಿಗೆ ಸರ್ಕಾರ ಲಾಠಿ ಕೊಟ್ಟು ಕೂರಿಸಿತ್ತು.

ಸಾಹೇಬರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೊನೆಗೆ ಗ್ರೂಪಿನಲ್ಲೇ ಬರೆದೆ: ಒಬ್ಬ ಹೆಣ್ಣುಮಗಳ ಜೀವಕ್ಕೆ ಅಪಾಯವಿದೆ, ಬೆದರಿಕೆ ಹಾಕಿದವನು ಊರಲ್ಲೇ ಇದ್ದಾನೆ, ದಯವಿಟ್ಟು ಕ್ರಮ ಕೈಗೊಳ್ಳಿ. ದೊಡ್ಡ ಪುಢಾರಿ ಉತ್ತರ ಹಾಕಿದ: “ಗ್ರೂಪಿನಲ್ಲಿ ಮನೆ ವಿಷಯ ಬೇಡ. ಊರಿನ ಹೆಸರು ಕೆಡಿಸಬೇಡಿ.” ಅದಕ್ಕೆ ಹೆಬ್ಬೆರಳುಗಳ ಸಾಲೇ ಬಿತ್ತು. ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು.

ಅವಳಿಗೆ ಕೆಲಸ ಬಿಟ್ಟು ಮನೆಯಲ್ಲಿರು ಎಂದೆ. “ಎಷ್ಟ್ ದಿನ ಕುಂದ್ರಲಿ ಆಪಾ?” ಎಂದು ಕೇಳಿದಳು. ಜೊತೆಗೆ ಬರುವ ಹೆಂಗಸರಿಗೆ ವಿಷಯ ತಿಳಿಸಿ, ಅವರ ನಡುವೆಯೇ ಓಡಾಡತೊಡಗಿದಳು.

ಅದೇ ವಾರ ಒಂದು ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ, ನನ್ನ ಅಂಗಡಿಯ ಎದುರೇ, ಅವಳು ಟೆಂಪೋದಿಂದ ಇಳಿಯುವಾಗಲೇ ಅವನು ಮಚ್ಚು ಬೀಸಿದ. ಕುತ್ತಿಗೆಗೆ ಬರುತ್ತಿದ್ದ ಏಟನ್ನು ಎಡಗೈ ಅಡ್ಡ ಹಿಡಿದು ತಡೆದಳು. ಟೆಂಪೋದಲ್ಲಿದ್ದ ಹೆಂಗಸರು ಊಟದ ಡಬ್ಬಿಯ ಚೀಲಗಳನ್ನೇ ಬೀಸಿ ಅವನ ಮುಖಕ್ಕೆ, ತಲೆಗೆ ಹೊಡೆದು ಕೆಡವಿದರು. ಒಬ್ಬಾಕೆ ಅವನ ಎದೆಯ ಮೇಲೆ ಕೂತಳು. ಚಹಾದಂಗಡಿಯ ಗಂಡಸರು ವಿಡಿಯೊ ಮಾಡುತ್ತಿದ್ದರು. ಠಾಣೆ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಪೊಲೀಸರು ಬರುವ ಹೊತ್ತಿಗೆ ನಾವು ಅವಳನ್ನು ಆಟೋದಲ್ಲಿ ಹಾಕಿಕೊಂಡು ಹಾವೇರಿಯ ಆಸ್ಪತ್ರೆಯ ದಾರಿ ಹಿಡಿದಿದ್ದೆವು. ಅವಳ ರಕ್ತ ನನ್ನ ಮಡಿಲೆಲ್ಲ ತೋಯಿಸಿತು. ದಾರಿಯುದ್ದಕ್ಕೂ “ಕೈ ಐತೇನ್ ಆಪಾ, ಕೈ ಐತೇನ್” ಎನ್ನುತ್ತಿದ್ದಳು.

ಕೈ ಉಳಿಯಿತು. ಕೊನೆಯ ಎರಡು ಬೆರಳು ಮಾತ್ರ ಈಗಲೂ ಮಡಚುವುದಿಲ್ಲ.

ಬಸ್‌ಸ್ಟ್ಯಾಂಡಿನ ಕಂಬಕ್ಕೆ ವರ್ತಕರ ವಂತಿಗೆಯಿಂದ ಕ್ಯಾಮೆರಾ ಹಾಕಿಸಿದ್ದರು. ಪೊಲೀಸರು ದೃಶ್ಯ ತೆಗೆದು ನೋಡಿದರೆ ಅದರಲ್ಲಿ ದೊಡ್ಡ ಪುಢಾರಿಯ ಕೆನ್ನೆ ಮತ್ತು ಅರ್ಧ ಮೀಸೆ ಕಾಣಿಸಿತು. ಅವನ ಹುಟ್ಟುಹಬ್ಬದ ಬ್ಯಾನರನ್ನು ಕ್ಯಾಮೆರಾದ ಮುಂದೆಯೇ ಕಟ್ಟಿದ್ದರು. ಅದನ್ನು ತೆಗೆಸುವ ಧೈರ್ಯ ಠಾಣೆಯಲ್ಲಿ ಯಾರಿಗೂ ಬಂದಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಮಾತ್ರ, ಪೊಲೀಸರ ಸಮಯಪ್ರಜ್ಞೆಯಿಂದ ಆರೋಪಿಯ ಬಂಧನವಾಯಿತೆಂದು ಬಂತು. ಎದೆಯ ಮೇಲೆ ಕೂತವಳ ಸುದ್ದಿಯೇ ಇಲ್ಲ.

ಕೆಲವು ದಿನಗಳಾದ ಮೇಲೆ ಸಾಹೇಬರು ಜೀಪಿನಲ್ಲಿ ನನ್ನ ಅಂಗಡಿಗೆ ಬಂದರು. ಹಿಂದೆ ಅದೇ ಹವಾಲ್ದಾರ.

“ಅಮ್ಮಾ, ಜಾಗೃತ ನಾಗರಿಕರಿಗೆ ಸನ್ಮಾನ ಇಟ್ಕೊಂಡಿದೀವಿ. ನೀವು ಬರಬೇಕು. ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಇರತ್ತೆ.”

“ಶಾಲು ಬ್ಯಾಡ್ರಿ ಸಾಹೇಬ್ರ. ನನ್ನ ಹೆಸರು ಅವಗ ಯಾರು ಹೇಳಿದ್ರು, ಅದನ್ನಷ್ಟ ಹೇಳ್ರಿ.”

ಹವಾಲ್ದಾರರು ಗೋಡೆಗೆ ತೂಗುಹಾಕಿದ್ದ ಲಂಗಗಳನ್ನು ನೋಡತೊಡಗಿದರು. ಸಾಹೇಬರು ಟೋಪಿ ಸರಿಪಡಿಸಿಕೊಂಡರು.

“ಅದು ಇಲಾಖೆಯ ಗುಪ್ತ ವಿಷಯ ಅಮ್ಮಾ. ಹೊರಗೆ ಹೇಳೋಕಾಗಲ್ಲ.”

ನಾನು ಮಷೀನ್ ತುಳಿಯತೊಡಗಿದೆ. ಮಷೀನಿನ ಸದ್ದಿನಲ್ಲಿ ಅವರು ಇನ್ನೇನೋ ಹೇಳಿ ಹೋದರು.

ಅವನು ಜೈಲಿನಲ್ಲಿದ್ದಾನೆ. ಅವಳು ನನ್ನ ಅಂಗಡಿಯಲ್ಲೇ ಕೂತು ಸೀರೆಯಂಚು ಹೊಲಿಯುವ ಪಿಕೋ ಮಷೀನ್ ನಡೆಸುತ್ತಾಳೆ. ಬಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಸಾಹೇಬರಿಗೆ ಒಳ್ಳೆಯ ಊರಿಗೆ ವರ್ಗವಾಯಿತು.

ಹೋದ ತಿಂಗಳು ಠಾಣೆಗೆ ಹೊಸದಾಗಿ ಬಂದ ಸಣ್ಣ ವಯಸ್ಸಿನ ಮಹಿಳಾ ಪಿಎಸ್ಐ ಸಾದಾ ಚೂಡಿದಾರದಲ್ಲಿ ನನ್ನ ಅಂಗಡಿಗೆ ಬಂದಳು. ಮಾತಿನಲ್ಲಿ ನಮ್ಮ ಕಡೆಯವಳೇ. ಸ್ಟೂಲ್ ಎಳೆದುಕೊಂಡು ಕೂತು ಮೆಲ್ಲಗೆ ಕೇಳಿದಳು: “ಆಪಾ, ಓಣ್ಯಾಗ ಏನರ ಗಡಬಡ ಇದ್ರ ನನಗ ಹೇಳ್ರಿ. ಹೆಸರು ಹೊರಗ ಬರದಂಗ ನೋಡ್ಕೋತೇನಿ.”

“ನಿಮ್ಮ ಹವಾಲ್ದಾರ ಇನ್ನೂ ಅಲ್ಲೇ ಅದಾರೇನ್ರಿ?” ಎಂದು ಕೇಳಿದೆ.

“ಅದಾರ್ರಿ” ಎಂದಳು.

“ಹಂಗಾದ್ರ ಚಹಾ ಕುಡೀರಿ” ಎಂದೆ.