ಅಂಗಳದ ಅಂಚಿನ ಜೇಕು

ಆ ಶನಿವಾರ ನನ್ನ ಹೆಂಡತಿ, ಮಂಡೆಕೋಲಿನ ತವರುಮನೆಯ ಹತ್ತಿರ ನೀರು ಹರಿಯುವ ತೋಡಿನ ಬದಿಯಿಂದ ಆರಿಸಿ ತಂದ ಜೇಕಿನ ಹುಲ್ಲನ್ನೂ ಒಂದೆಲಗವನ್ನೂ ಅಂಗಳದ ಅಂಚಿಗೆ ನೆಡುತ್ತಿದ್ದಳು.

"ನರ್ಸರಿಯ ಲಾನ್ ಎಂತಕ್ಕೆ ಮಾರಾಯ್ರೆ? ಅದಕ್ಕೂ ನಿಮ್ಮ ಹಾಗೆ ದಿನಾ ಉಪಚಾರ ಮಾಡ್ಬೇಕು. ಇದು ತಾನೇ ಮಣ್ಣು ಹಿಡ್ಕೊಳ್ತದೆ" ಎಂದು ನಕ್ಕಳು.

ಮರುದಿನ ಎದೆನೋವು ಬಂದು ತೀರಿಹೋದಳು.

ಉತ್ತರಕ್ರಿಯೆಯ ಬೊಜ್ಜಕ್ಕೆ ಮೊದಲು ಅಂಗಳ ಕೆತ್ತಿ ಸಾರಿಸುವುದು ನಮ್ಮ ಕ್ರಮ. ಚಪ್ಪರ ಹಾಕಲು ಬಂದ ನೆರೆಯವರು, "ಅಂಚಿನ ಹುಲ್ಲೂ ಕೆತ್ತುದಾ ಅಣ್ಣ?" ಎಂದು ಕೇಳಿದರು. ಯೋಚಿಸದೆ ಹೂಂ ಎಂದೆ. ಸಂಜೆ ಬರಿದಾದ ಅಂಚನ್ನು ಕಂಡಾಗಲೇ ನಾನು ಮಾಡಿದ್ದು ತಿಳಿಯಿತು.

ಈ ಮಳೆಗೆ ಒಂದೆಲಗ ತಾನಾಗಿ ಚಿಗುರಿತು. ಜೇಕು ಬರಲಿಲ್ಲ. ಮಂಡೆಕೋಲಿಗೆ ಹೋಗಿ ತೋಡಿನ ಬದಿಯೆಲ್ಲ ಹುಡುಕಿದೆ. ಅಲ್ಲಿ ಹತ್ತಾರು ಬಗೆಯ ಜೇಕು ಇವೆ. ಅವಳು ಆರಿಸಿದ್ದು ಯಾವುದೆಂದು ನನಗೆ ಗೊತ್ತಿಲ್ಲ.