ಸಿಪ್ಪೆ ಸುರಿಯುವ ಜಾಗ

ಬಸ್ಸು ಬಸವಾಪಟ್ಟಣದ ಹೊರಗೆ ಕೆಟ್ಟು ನಿಂತು ಮುಕ್ಕಾಲು ಗಂಟೆಯಾಯಿತು. ರಸ್ತೆ ಪಕ್ಕ ಸುರಿದ ಅಡಿಕೆ ಸಿಪ್ಪೆಗೆ ಯಾರೋ ಬೆಂಕಿ ಇಟ್ಟಿದ್ದಾರೆ, ಹೊಗೆಯೆಲ್ಲ ನನ್ನ ಕಿಟಕಿಗೇ. ಪಕ್ಕದಲ್ಲಿ ಕೂತ ಚನ್ನಗಿರಿಯ ಅಡಿಕೆ ವ್ಯಾಪಾರಿಗೆ ನನ್ನ ಕೆಲಸ ಏನೆಂದು ತಿಳಿಯಲೇಬೇಕು. ಅಣುಸ್ಥಾವರಗಳಿಗೆ ಯುರೇನಿಯಂ ಕೊಳ್ಳುವ ಕಚೇರಿ ಅಂದೆ.

“ಇವತ್ತು ರೇಟು ಹೆಂಗೈತ್ರೀ?”

ಎಲ್ಲರೂ ಕೇಳುವುದು ಇದನ್ನೇ, ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಆ ದಿನದ ರೇಟಿಗೆ ಕೊಳ್ಳುವುದು ಸ್ವಲ್ಪ, ಹೆಚ್ಚಿನದಕ್ಕೆ ವರ್ಷಗಟ್ಟಲೆ ಮೊದಲೇ ಕರಾರು ಆಗಿರುತ್ತದೆ ಎಂದು ರೇಗಿಕೊಂಡೇ ಹೇಳಿದೆ.

“ನಮ್ಮ ಖೇಣಿ ಇದ್ದಂಗೆ ಬಿಡ್ರಿ. ಅಡಿಕೆ ಇನ್ನೂ ಮರದಾಗೆ ಇರುವಾಗ್ಲೇ ತೋಟದ ಫಸಲಿಗೆ ರೇಟು ಮಾತಾಡಿರ್ತೀವಿ.”

ಕಚೇರಿಗೆ ಹೊಸದಾಗಿ ಬಂದವರಿಗೆ ಇಷ್ಟನ್ನು ತಿಳಿಸಿಹೇಳಲು ನನಗೆ ಎರಡು ದಿನ ಬೇಕು!

ಅಷ್ಟರಲ್ಲಿ ಹೊಗೆಗೆ ಕೆಮ್ಮು ಒತ್ತರಿಸಿ ಬಂತು. “ಅಲ್ರೀ, ಈ ಸಿಪ್ಪೇನ ರಸ್ತೆಗೇ ತಂದು ಸುರೀಬೇಕಾ?” ಎಂದು ಅವರ ಮೇಲೇ ಹರಿಹಾಯ್ದೆ.

“ತಪ್ಪೇ ಅನ್ರಿ. ನಿಮ್ಮ ಯುರೇನಿಯಂ ಉರಿದು ಮುಗಿದ ಮೇಲೆ ಉಳಿದದ್ದನ್ನ ಎಲ್ಲಿ ಸುರೀತೀರಿ?”

“ಸುರಿಯಲ್ಲ. ಕಾದಿಡ್ತೀವಿ.”

“ಎಲ್ಲೀತನಕ?”

ನಾನು ಕಿಟಕಿ ಮುಚ್ಚಲು ಎಳೆದೆ. ಅದು ಅರ್ಧಕ್ಕೇ ಸಿಕ್ಕಿಕೊಂಡಿತು.